ಎಡೆಗೆ ಬಂದ ಹೊಗೆಸೊಪ್ಪು

ತಿಥಿಯ ದಿನ, ಸತ್ತವಳಿಗೆ ಇಷ್ಟವಾದದ್ದನ್ನು ಎಡೆಗಿಡುವ ಹೊತ್ತಿಗೆ, ಅವಳು ದುಡಿದ ಹೊಲದ ಒಡೆಯರಾದ ಗೌಡರು ಒಂದು ಕಟ್ಟು ಹೊಗೆಸೊಪ್ಪು ತಂದು ನನ್ನ ಕೈಗಿಟ್ಟರು. “ಮುನಿಯಮ್ಮಂಗೆ ಇದಂದ್ರೆ ಪ್ರಾಣ ಕಣ್ಲಾ, ಎಡೆಗಿಕ್ಕು” ಎಂದರು. ಮುಖದಲ್ಲಿ ಒಂದಿಷ್ಟು ನಾಚಿಕೆ ಬೇಡವೇ?

ಮುನಿಯಮ್ಮ ನನ್ನ ಸೋದರತ್ತೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ತಮಿಳು ಗಡಿಯ ತಳಿ ಎಂಬ ಊರಿನ ಕಡೆ ಇದೇ ಗೌಡರ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಗೌಡರು ಹೆಂಗಸರಿಗೆ ಮಧ್ಯಾಹ್ನ ಮುದ್ದೆ ಹಾಕುವ ಬದಲು ಬೆಳಿಗ್ಗೆಯೇ ಒಂದೊಂದು ತುಂಡು ಹೊಗೆಸೊಪ್ಪು ಹಂಚುತ್ತಿದ್ದರು. ದವಡೆಗೆ ಒತ್ತಿಕೊಂಡರೆ ಹಸಿವು ಗೊತ್ತಾಗುತ್ತಿರಲಿಲ್ಲ. ಅತ್ತೆಗೆ ಅದೇ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿತು. ನೋವಿಲ್ಲವೆಂದು ಅತ್ತೆ ಯಾರಿಗೂ ಹೇಳಲಿಲ್ಲ. ಅದು ಹುಣ್ಣಾಗಿ ಉರಿದಾಗ, “ಇನ್ನೊಸಿ ಒತ್ಕೋ, ನೋವು ಗೊತ್ತಾಗಕಿಲ್ಲ” ಎಂದವರೂ ಇವರೇ. ಕೃಷ್ಣಗಿರಿಯ ಡಾಕ್ಟರು ನೋಡುವಷ್ಟರಲ್ಲಿ ಕತ್ತಿನಲ್ಲಿ ಗಂಟು ಕಟ್ಟಿತ್ತು. ಇದು ಕ್ಯಾನ್ಸರು, ಹಬ್ಬಿಬಿಟ್ಟಿದೆ, ಮಚ್ಚೆ ಕಂಡಾಗಲೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದು ಅವರು ತಮಿಳಿನಲ್ಲಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಆ ಕಟ್ಟನ್ನು ಗೌಡರ ಎದುರೇ ತಿಪ್ಪೆಗೆ ಎಸೆದೆ. ಎಡೆಯಲ್ಲಿ ಬಿಸಿ ಮುದ್ದೆ ಇಟ್ಟೆ. ಅವರ ಹೊಲದಲ್ಲಿ ಅಷ್ಟು ವರ್ಷ ಬಗ್ಗಿ ದುಡಿದವಳಿಗೆ ಮಧ್ಯಾಹ್ನದ ಮುದ್ದೆ ಸಿಕ್ಕಿದ್ದು ಸತ್ತ ಮೇಲೆ.