ವಾಣದ ತಟ್ಟೆಯಲ್ಲಿಟ್ಟ ಪುಸ್ತಕ

ಅವರ ತುರುಬಿನಲ್ಲಿ ಹೂವಿನ ಬದಲು ಪೆನ್ಸಿಲ್ ಇರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಕಾಣುತ್ತಿದ್ದ ಆ ದಪ್ಪ ಪೆನ್ಸಿಲ್. ನಿವೃತ್ತರಾಗಿ ವರ್ಷಗಳು ಕಳೆದರೂ ಅದನ್ನು ಬಿಟ್ಟಿರಲಿಲ್ಲ. ನರೆತ ಕೂದಲ ಸಣ್ಣ ಗಂಟಿಗೆ ಅಡ್ಡಲಾಗಿ ಚುಚ್ಚಿಕೊಂಡು ಮೆಟ್ಟಿಲಿಳಿದರೆಂದರೆ, ಅವರಿಗಿಂತ ಮೊದಲು ಅವರ ಗಂಟಲು ನಮ್ಮ ಹೌಸಿಂಗ್ ಸೊಸೈಟಿಯ ಗೇಟು ತಲುಪಿರುತ್ತಿತ್ತು.

ಕುಂದಾಪುರದ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದು, ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸಿ, ಗಂಡ ತೀರಿಕೊಂಡ ಮೇಲೆ ನವಿಮುಂಬಯಿಯ ನೆರೂಳದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ಎಲ್ಲರಿಗೂ ಅವರು ಟೀಚರ್. ನಾವೆಲ್ಲ ಧ್ವನಿ ತಗ್ಗಿಸುವ ಕಡೆ ಅವರು ತಗ್ಗಿಸುತ್ತಿರಲಿಲ್ಲ. ಮೆಟ್ಟಿಲ ಮೇಲೆ ಗಂಡಸರು ಎದುರಾಗುತ್ತಿದ್ದರೂ 'ಮುಟ್ಟು' ಎಂಬ ಮಾತನ್ನು 'ಮೊಸರು' ಎಂದಷ್ಟೇ ಸಲೀಸಾಗಿ ಹೇಳುತ್ತಿದ್ದರು. ಮೈಸೂರಿನ ಮರ್ಯಾದಸ್ಥ ಮನೆಯಲ್ಲಿ ಬೆಳೆದ ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿಬಿಡುತ್ತಿದ್ದೆ.

"ಎಂತಕ್ಕೆ ಪಿಸುಪಿಸು ಮಾಡುದು? ಪಿಸುಗುಟ್ಟಿ ಹೇಳಿದ್ದನ್ನು ಮಕ್ಕಳು ಪಾಪ ಅಂತ ತಿಳ್ಕೊಳ್ತಾರೆ" ಎನ್ನುತ್ತಿದ್ದರು.

ನನ್ನ ಮಗಳು ಆಗ ಒಂಬತ್ತನೇ ತರಗತಿ. ಗೆಳತಿಯರೆಲ್ಲ ದೊಡ್ಡವರಾಗಿದ್ದರು, ಇವಳಿನ್ನೂ ಆಗಿರಲಿಲ್ಲ. ಊರಿನಿಂದ ನಾದಿನಿ ಫೋನ್ ಮಾಡಿದಾಗಲೆಲ್ಲ ಕೊನೆಗೆ ಧ್ವನಿ ಇಳಿಸಿ, "ಇನ್ನೂ ಇಲ್ವಾ?" ಎಂದು ಕೇಳುವಳು. ಇನ್ನೂ ಇಲ್ಲ ಎಂದು ಬೇಗ ಫೋನ್ ಇಟ್ಟುಬಿಡುತ್ತಿದ್ದೆ. ಮಗಳನ್ನು ಹೇಗೆ ವಿಚಾರಿಸುವುದೆಂದು ತಿಳಿಯದು. ನನಗೆ ಗೊತ್ತಿದ್ದ ಕನ್ನಡದಲ್ಲಿ ಇಂಥದ್ದಕ್ಕೆ ಇದ್ದ ಮಾತುಗಳು ಒಂದೋ ಬೈಗುಳ, ಇಲ್ಲವೇ ಪಠ್ಯಪುಸ್ತಕ. ಅವಳ ಶಾಲೆಯಲ್ಲಿ ಆ ಪಾಠ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ತಿರುವಿದ್ದರಂತೆ. ಗಂಡನನ್ನು ಕೇಳಿದರೆ, "ಹೆಣ್ಣುಮಕ್ಕಳ ವಿಷಯ, ನೀನೇ ಮಾತಾಡು" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು.

ಒಂದು ಸಂಜೆ ಆಫೀಸು ಬಿಟ್ಟವಳು ವಾಶಿಯ ಪುಸ್ತಕದಂಗಡಿಗೆ ಹೋದೆ. ಹದಿಹರೆಯದ ಮಕ್ಕಳಿಗೆ ದೇಹದ ಬಗ್ಗೆ ತಿಳಿಸುವ ಪುಸ್ತಕ ಇದೆಯೇ ಎಂದು ಹಿಂದಿಯಲ್ಲಿ ತಡವರಿಸಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ, ದಂಪತಿಗಳಿಗೆಂದು ಬರೆದ ಪುಸ್ತಕಗಳತ್ತ ಕೈ ತೋರಿಸಿದ. ಸಹೋದ್ಯೋಗಿಗಳು ಯಾರಾದರೂ ನೋಡಿದರೇನು ಗತಿ ಎಂದು ಬೆವೆತು, ಯಾವುದೋ ಅಡುಗೆ ಪುಸ್ತಕ ಕೊಂಡು ಹೊರಗೆ ಬಂದೆ.

ಅದೇ ವಾರ ಮಗಳ ಹಾಸಿಗೆಯ ಹೊದಿಕೆ ಬದಲಿಸುವಾಗ ಕೆಳಗೆ ಮಡಚಿಟ್ಟ ಹಾಳೆಗಳು ಸಿಕ್ಕವು. ಪ್ರಾಜೆಕ್ಟ್ ಎಂದು ಹೇಳಿ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿಕೊಂಡಿದ್ದಳು. ಈ ವಯಸ್ಸಿಗೆ ಮುಟ್ಟಾಗದ ಹುಡುಗಿ ಹೆಂಗಸೇ ಅಲ್ಲ, ಅವಳಿಗೆ ಮಕ್ಕಳಾಗುವುದಿಲ್ಲ, ಪರಂಗಿಕಾಯಿ ತಿನ್ನಬೇಕು, ಗುಣವಾಗದಿದ್ದರೆ ಈ ಪುಡಿ ತರಿಸಿಕೊಳ್ಳಬೇಕು ಎಂದೆಲ್ಲ ಬರೆದಿತ್ತು. ಕೆಲವು ದಿನಗಳಿಂದ ಅವಳು ಹೊಟ್ಟೆನೋವು ಎನ್ನುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಹಣ್ಣಿನ ಗಾಡಿಯಿಂದ ಹಸಿ ಪರಂಗಿಕಾಯಿ ತಂದು ಬಚ್ಚಿಟ್ಟು ತಿನ್ನುತ್ತಿದ್ದಳು. ಮುಂದೆ ಪುಡಿಗೂ ಕೈ ಹಾಕಿದರೆ? ಏನಾಯಿತೆಂದು ಕೇಳಿದರೆ, "ಕುಛ್ ನಹೀ ಹುವಾ ಮಮ್ಮಿ", ಏನೂ ಆಗಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಹಾಳೆಗಳನ್ನು ಹಿಡಿದುಕೊಂಡು ಮೇಲಿನ ಮನೆಗೆ ಓಡಿದೆ.

ಟೀಚರ್ ತುರುಬಿನಿಂದ ಪೆನ್ಸಿಲ್ ಎಳೆದುಕೊಂಡು ಸಾಲು ಸಾಲಾಗಿ ಓದಿದರು. ಕೆಂಪು, ಕೆಂಪು, ಕೆಂಪು. 'ಪ್ರತಿಯೊಬ್ಬ ಹುಡುಗಿಯ ದೇಹ ಬೇರೆ' ಎಂಬಲ್ಲಿ ಮಾತ್ರ ನೀಲಿ.

"ನೋಡಿ ಮಾರಾಯ್ತಿ, ಮೇಲೆ ಹೆದರಿಕೆ, ಕೆಳಗೆ ಫೋನ್ ನಂಬರ್. ಇದು ಪಾಠ ಅಲ್ಲ, ಅಂಗಡಿ."

ಕೆಳಗಿಳಿದು ಬಂದು ಮಗಳ ಮಂಚದ ತುದಿಯಲ್ಲಿ ಕೂತರು. ಆ ಗೀಟು ಹಾಕಿದ ಹಾಳೆಗಳನ್ನು ಅವಳ ಮುಂದಿಟ್ಟು, ಯಾವುದು ಯಾಕೆ ಸುಳ್ಳು ಎಂದು ವಿವರಿಸಿದರು. ಕಿಟಕಿ ಮುಚ್ಚಲು ನಾನು ಎದ್ದರೆ ಕಣ್ಣಲ್ಲೇ ಕೂರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ನೀವು ದೊಡ್ಡವರಾದದ್ದು ಯಾವಾಗ?"

ಮಗಳ ಎದುರಿಗೆ! ಹೊದಿಕೆಯ ಅಂಚು ಮಡಚುತ್ತ ಹೇಳಿದೆ: "ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಟೀಚರ್... ಹದಿನೈದು ತುಂಬ್ತಾ ಬಂದಿತ್ತು. ನಮ್ಮಮ್ಮನೂ ಲೇಟೇ ಅಂತೆ."

ಗೋಡೆಯ ಕಡೆ ತಿರುಗಿದ್ದವಳು ಎದ್ದು ಕೂತಳು. "ಮಮ್ಮಿ, ತುಮ್‌ನೆ ಪೆಹ್ಲೆ ಕ್ಯೂ ನಹೀ ಬತಾಯಾ?" ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತ ಅತ್ತೇಬಿಟ್ಟಳು. ಅವಳು ಊರೆಲ್ಲ ಹುಡುಕಿದ ಉತ್ತರ ಅಡುಗೆಮನೆಯಲ್ಲಿ ಓಡಾಡಿಕೊಂಡಿತ್ತು. ಹೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ; ನಮ್ಮಮ್ಮನೂ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆಯೇ.

"ತಾಯಿಗೆ ತಡ ಆದ್ರೆ ಮಗಳಿಗೂ ಆಗ್ಲಿಕ್ಕುಂಟು. ಆದ್ರೂ ನಾನು ಟೀಚರ್, ಡಾಕ್ಟರ್ ಅಲ್ಲ. ಒಮ್ಮೆ ತೋರಿಸುವ" ಎಂದು ಟೀಚರೇ ನಮ್ಮನ್ನು ವಾಶಿಯ ಲೇಡಿ ಡಾಕ್ಟರ ಬಳಿ ಹೊರಡಿಸಿದರು. ಹೊರಗೆ ಕಾಯುವಾಗ ನನಗೆ ನೆನಪಾಗದ ದೇವರಿಲ್ಲ. ಡಾಕ್ಟರು ಪರೀಕ್ಷಿಸಿ, ಬೆಳವಣಿಗೆ ಸರಿಯಾಗಿದೆ, ಗಾಬರಿ ಬೇಡ, ಹದಿನೈದು ತುಂಬಿದರೂ ಆಗದಿದ್ದರೆ ಮತ್ತೆ ಬನ್ನಿ ಎಂದರು. ಆಮೇಲಿನ ತಿಂಗಳುಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ದೀಪಾವಳಿ ರಜೆಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಮಗಳು ಬಚ್ಚಲಿನಿಂದ ಬಂದವಳೇ ಚಪ್ಪಲಿಯೂ ಇಲ್ಲದೆ ಮೇಲಕ್ಕೆ ಓಡಿದಳು. ಸುದ್ದಿ ಮೊದಲು ಟೀಚರಿಗೆ, ಆಮೇಲೆ ನನಗೆ. ಒಂದಿಷ್ಟು ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ?

ಅಲ್ಲಿಗೆ ಟೀಚರ್ ಸುಮ್ಮನಾಗಲಿಲ್ಲ. ಠಾಣೆ, ಡೊಂಬಿವಲಿ ಎಂದು ಅಲೆದು ಸಿಕ್ಕಸಿಕ್ಕ ಪುಸ್ತಕ ತಂದು ಕೆಂಪು ನೀಲಿ ಗೀಟು ಹಾಕುತ್ತ ಕೂತರು. ಒಂದು ಬರೀ ಉಪದೇಶ, ಒಂದು ಬರೀ ರೋಗ, ಇನ್ನೊಂದರಲ್ಲಿ ಹುಡುಗರ ಸುದ್ದಿಯೇ ಇಲ್ಲ. ಕೊನೆಗೆ ವೈದ್ಯೆಯರು ಸೇರಿ ಬರೆದ ಒಂದು ತೆಳು ಪುಸ್ತಕ ಸಿಕ್ಕಿತು. ಅದನ್ನೂ ಆ ಲೇಡಿ ಡಾಕ್ಟರಿಗೆ ಓದಿಸಿ, ಹೌದೆನ್ನಿಸಿಕೊಂಡು ಬಂದರು.

"ಮೊದ್ಲು ಅಪ್ಪ-ಅಮ್ಮ ಓದ್ಬೇಕು. ಮಕ್ಕಳು ಕೇಳುದು ಒಂದೇ ಸಲ. ಆವಾಗ ನೀವು ಬಾಯಿ ಮುಚ್ಚಿದ್ರೆ, ಮತ್ತೆ ಕೆಫೆಗೇ ಹೋಗ್ತಾರೆ."

ಸಂಕ್ರಾಂತಿ ಬಂತು. ಇಲ್ಲಿಗೆ ಬಂದ ಕನ್ನಡದವರು ಎಳ್ಳು-ಬೆಲ್ಲದ ಜೊತೆಗೆ ಮರಾಠಿಗರ ವಾಣವನ್ನೂ ಕಲಿತಿದ್ದೇವೆ. ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಡಬ್ಬಿ, ಬಟ್ಟಲು, ಬಾಚಣಿಗೆ, ಹೀಗೆ ಏನಾದರೊಂದು ಸಣ್ಣ ಕೊಡುಗೆ. ಅದೇ ವಾಣ. ಟೀಚರ್ ಆ ಪುಸ್ತಕದ ಪ್ರತಿಗಳ ಕಟ್ಟನ್ನು ತಂದು ನನ್ನ ಮುಂದೆ ಇಟ್ಟರು.

"ಈ ಸಲ ಇದನ್ನೇ ಕೊಡಿ. ನಾನು ವಿಧವೆ, ನನ್ನ ಮನೆಗೆ ಯಾರೂ ಬರ್ಲಿಕ್ಕಿಲ್ಲ. ನಿಮ್ಮ ತಟ್ಟೆ ಬೇಕು."

ಯಾರೂ ಅವರನ್ನು ಅರಿಶಿನ-ಕುಂಕುಮಕ್ಕೆ ಕರೆಯುತ್ತಿರಲಿಲ್ಲ ಎಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಕಟ್ಟು ಬಿಚ್ಚಿ ಪುಸ್ತಕಗಳನ್ನು ತಟ್ಟೆಗೆ ಜೋಡಿಸಿದೆ. ಬಂದವರಿಗೆ ಎಳ್ಳು-ಬೆಲ್ಲದ ಪೊಟ್ಟಣದ ಕೆಳಗೆ ಪುಸ್ತಕವಿಟ್ಟು, ಯಾರ ಮುಖವನ್ನೂ ನೋಡದೆ ಕೊಟ್ಟೆ. ಟೀಚರ್ ಅಡುಗೆಮನೆಯಲ್ಲಿ ಕೂತಿದ್ದರು, ಜೀವನದಲ್ಲಿ ಮೊದಲ ಸಲ ಸದ್ದಿಲ್ಲದೆ.

ಹೋಟೆಲ್ ಧಣಿಯೊಬ್ಬರ ಹೆಂಡತಿ ಪುಟ ತೆರೆದವರೇ ಕೆಂಪಾದರು. "ಎಂತದಿದು? ಕುಂಕುಮದ ದಿನ ಕೊಡುವ ವಸ್ತುವಾ ಇದು? ನಮ್ಮ ಮಕ್ಕಳು ಅಂಥವರಲ್ಲ" ಎಂದು ತಟ್ಟೆಗೆ ವಾಪಸು ಹಾಕಿದರು. ಮಿಕ್ಕವರ ಕೈಗಳೂ ಹಿಂದೆ ಸರಿದವು.

ಅಡುಗೆಮನೆಯ ಪರದೆ ಸರಿಯಿತು. "ಪ್ಲಾಸ್ಟಿಕ್ ಡಬ್ಬಿ ಎಷ್ಟುಂಟು ನಿಮ್ಮ ಮನೆಯಲ್ಲಿ? ಇದುಂಟಾ?" ಎಂದು ಟೀಚರ್ ಬೀದಿಗೆ ಕೇಳುವ ಹಾಗೆ ಕೇಳಿದರು. "ಮಕ್ಕಳು ಎಂಥವರೂ ಅಲ್ಲ. ಬೆಳೀತಾ ಇದ್ದಾರೆ, ಅಷ್ಟೇ."

ಹೊರಡುವಾಗ ಎರಡು ಮೂರು ಪುಸ್ತಕಗಳು ಸೆರಗಿನಡಿ ಸೇರಿದ್ದವು. ಮರುವರ್ಷ ಬಂದವರು ಕಡಿಮೆ. ಬಂದವರು ಮಾತ್ರ, "ಈ ಸಲ ಹುಡುಗರದ್ದು ಬೇರೆ ಇದೆಯಾ?" ಎಂದು ಕೇಳಿದರು.

ಹೀಗೆ ವರ್ಷಗಳು ಉರುಳಿ ಮಗಳು ಕೆಲಸಕ್ಕೂ ಸೇರಿದಳು. ಕೊನೆಯ ವರ್ಷ ಟೀಚರಿಗೆ ಗಂಟಲಿನಲ್ಲೇ ಕಾಯಿಲೆ ಬಂತು. ಆಪರೇಷನ್ ಆದ ಮೇಲೆ ಧ್ವನಿ ಹೋಯಿತು. ಹತ್ತಿರ ಬಾಗಿದರೆ ಮಾತ್ರ ಕೇಳುವಷ್ಟು ಉಸಿರು. "ಕಡೆಗೆ ನಾನೇ ಪಿಸುಗುಟ್ಟುವ ಹಾಗಾಯ್ತಲ್ಲ ಮಾರಾಯ್ತಿ" ಎಂದು ನಗಲು ಹೋಗಿ ಕೆಮ್ಮಿದರು. ಮಳೆಗಾಲದಲ್ಲಿ ತೀರಿಕೊಂಡರು. ನನ್ನ ಮಗಳು ಆಫೀಸಿಗೆ ರಜೆ ಹಾಕಿ ಬಂದು, ಮಗುವಿನ ಹಾಗೆ ಅತ್ತಳು.

ಆಮೇಲಿನ ಸಂಕ್ರಾಂತಿಗೆ ನಾನು ಸ್ಟೀಲ್ ಬಟ್ಟಲು ತಂದಿಟ್ಟಿದ್ದೆ. ಟೀಚರ್ ಇಲ್ಲದೆ ನನಗೆ ಧೈರ್ಯವಿರಲಿಲ್ಲ. ಬಟ್ಟಲುಗಳನ್ನು ನೋಡಿದ ಮಗಳು, ಯಾವತ್ತೂ ಹಿಂದಿಯಲ್ಲೇ ಉತ್ತರಿಸುವವಳು, ನಿಧಾನವಾಗಿ ಕನ್ನಡ ಕೂಡಿಸಿಕೊಂಡು ಕೇಳಿದಳು: "ಅಮ್ಮಾ, ಟೀಚರ್ ಪುಸ್ತಕ ಎಲ್ಲಿ?"

ಬಟ್ಟಲುಗಳು ಕಪಾಟು ಸೇರಿದವು, ತಟ್ಟೆಗೆ ಪುಸ್ತಕಗಳು ಬಂದವು. ಸಂಜೆ ಎಲ್ಲರೂ ಹೊರಟ ಮೇಲೆ, ಹೊಸದಾಗಿ ಬಂದ ಎದುರುಮನೆಯ ಹುಡುಗಿ, ಹತ್ತು ವರ್ಷದ ಮಗಳ ತಾಯಿ, ಬಾಗಿಲಿನಿಂದ ತಿರುಗಿ ಬಂದಳು. ಪುಸ್ತಕ ಸೆರಗಿನಡಿ ಇತ್ತು. ಮೆಟ್ಟಿಲ ಮೇಲೆ ಯಾರೋ ಗಂಡಸರು ಹತ್ತಿ ಬರುತ್ತಿದ್ದರು. ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಆಂಟಿ, ನನ್ನ ಮಗಳಿಗೆ... ಅದರ ಬಗ್ಗೆ... ಈಗಲೇ ಹೇಳ್ಬಹುದಾ?" ಎಂದು ಪಿಸುಗುಟ್ಟಿದಳು.

ಈ ಸಲ ನಾನು ಬಗ್ಗಲು ನೆಪ ಹುಡುಕಲಿಲ್ಲ. "ಮುಟ್ಟಿನ ಬಗ್ಗೆ ತಾನೇ? ಹೇಳಮ್ಮ, ಈಗಲೇ ಹೇಳು. ನಿನಗೆ ಯಾವಾಗ ಆಯ್ತು ಅನ್ನೋದನ್ನೂ ಹೇಳು" ಎಂದೆ. ಮೇಲಿನ ಮನೆಗೂ ಕೇಳಿಸುವಷ್ಟು ಜೋರಾಗಿ.