ಬೋರ್ಡಿನ ಕೆಳಗಿನ ಅರ್ಧ

ಅಫಜಲಪುರದ ಹೈಸ್ಕೂಲಿನಲ್ಲಿ ನನ್ನ ಜೊತೆ ಕಲಿಸುವ ಗಣಿತದ ಜಯಮಾಲಾ ಟೀಚರು ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಾರೆ. ಅವರ ಪಿರಿಯಡ್ಡು ಮುಗಿದಾಗ ಮೇಲಿನ ಅರ್ಧ ಒರೆಸುವ ಕೆಲಸವೇ ಇರುವುದಿಲ್ಲ. ಕೈ ಎತ್ತಿದರೆ ಕಂಕುಳ ತೊಯ್ದದ್ದು ಕಾಣುತ್ತದೆಂಬ ಹೆದರಿಕೆಯಿಂದ ಶುರುವಾದದ್ದು ಇದು. ಬಸ್ಸಿನಲ್ಲೂ ಮೇಲಿನ ಸರಳು ಹಿಡಿಯದೆ ಜೇವರ್ಗಿಯವರೆಗೆ ತೂರಾಡುತ್ತಾರೆ. ಪೌಡರು, ಪಟಿಕ ಹಚ್ಚಿ ಹಚ್ಚಿ ಬೇಸತ್ತು, ಹೋದ ದೀಪಾವಳಿ ರಜೆಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬೆವರು ನಿಂತಿತು, ಕೈ ಮೇಲೇಳಲಿಲ್ಲ. “ರಟ್ಟಿಗಿ ರೂಢಿ ತಪ್ಪ್ಯದ್ರಿ,” ಎಂದು ದಣಿದು ನಗುತ್ತಾರೆ. ಅವರ ತರಗತಿಯಲ್ಲಿ ಉತ್ತರ ಗೊತ್ತಿದ್ದ ಮಕ್ಕಳೂ ಕೈ ಎತ್ತುವಂತಿಲ್ಲ, ಎದ್ದು ನಿಲ್ಲಬೇಕು. ಒಮ್ಮೆ ಬಾಗಿಲಲ್ಲಿ ನಿಂತು, “ಆ ಕಾಯಿದೆನರೆ ಈಗ ತಗೀರಲ್ರಿ,” ಎಂದೆ. “ಅದು ಇರ್ಲಿ ಬಿಡ್ರಿ,” ಎಂದು ಮೂರನೇ ಬೆಂಚಿನತ್ತ ಕಣ್ಣಲ್ಲೇ ತೋರಿಸಿದರು. ಅಲ್ಲಿ ಉತ್ತರ ಹೇಳಲು ಎದ್ದ ಹುಡುಗಿಯೊಬ್ಬಳು ಎರಡೂ ತೋಳುಗಳನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡು ನಿಂತಿದ್ದಳು.