ಅರ್ಜುಮಂದ್ ಬಿಚ್ಚಿದ ಅರವತ್ಮೂರು ಗಂಟು

ಮಸ್ಕಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗುಡ್ಡದ ಕೆಳಗಿನ ಓಣಿಯಲ್ಲಿ ಅರ್ಜುಮಂದ್ ಆಗಲೇ ಹಂಡೆಯೊಳಗೆ ಇಳಿದಿದ್ದಾರೆ. ಹೌದು, ಹಂಡೆಯೊಳಗೇ. ಮದುವೆಗಳಲ್ಲಿ ಬಿರಿಯಾನಿ ಬೇಯಿಸುವ, ತೊಡೆಮಟ್ಟ ಬರುವ ತಾಮ್ರದ ಡೇಗು ಅದು. ತಳದಲ್ಲಿ ಒದ್ದೆ ಮರಳು, ಮರಳಿನ ಮೇಲೆ ಗೋಣಿಚೀಲದ ತುಂಡು, ಅದರ ಮೇಲೆ ಅವರ ಎರಡೂ ಪಾದ. ಗೋಡೆಗೆ ಬಡಿದ ಗೂಟ ಹಿಡಿದು ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾರೆ. ಕೆಳಗೆ ಕರಕರ ಎಂದು ಕಿಲುಬು ಬಿಡುತ್ತದೆ. ಐವತ್ನಾಲ್ಕರ ಹೆಣ್ಣುಮಗಳು ಹೀಗೆ ತಿರುಗುವುದನ್ನು ಕಂಡು ನೀರಿಗೆ ಹೋಗುವವರು ನಗುವುದುಂಟು.

“ನಗ್ಲಿ ಬಿಡ್ರಿ. ನಾಳಿ ಅವ್ರ ಮಕ್ಕಳ ಮದಿವಿ ಊಟ ಇದ್ರಾಗ ಕುದಿಯೋದು” ಎನ್ನುತ್ತಾರೆ ಅರ್ಜುಮಂದ್.

ತಿಕ್ಕಿದ ಡೇಗು ಇದ್ದಲಿನ ಭಟ್ಟಿಯ ಮೇಲೆ ಏರುತ್ತದೆ. ಕಾದ ಕೂಡಲೇ ನವಸಾಗರದ ಪುಡಿ ಎರಚುತ್ತಾರೆ, ಬಿಳಿ ಹೊಗೆ ಎದ್ದು ಕಣ್ಣು ಉರಿಯುತ್ತದೆ. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಕೆಂಪು ತಾಮ್ರ ಬೆಳ್ಳಗಾಗುತ್ತದೆ. ಇದು ಕಲಾಯಿ. ದಿನಕ್ಕೆ ಮೂರು ಡೇಗು, ಮದುವೆಯ ತಿಂಗಳಲ್ಲಿ ಐದು. ಅವನ್ನು ಸಿಂಧನೂರಿನ ಅಡುಗೆಯವರಿಂದ ತರುವುದೂ ಮುಟ್ಟಿಸುವುದೂ ಗಂಡ ಜಾವೀದ್ ಅವರ ಗೂಡ್ಸ್ ಆಟೋ. ತಂದೆ ಇಮಾಮ್‌ಸಾಬ್ ಇದ್ದಾಗ ದಿನಕ್ಕೆ ನಲವತ್ತು ಪಾತ್ರೆ ಆಗುತ್ತಿದ್ದವಂತೆ. ಸ್ಟೀಲು ಬಂದ ಮೇಲೆ ಮನೆಗಳಲ್ಲಿ ಕಲಾಯಿ ಕೇಳುವವರೇ ಇಲ್ಲ. ಮಸ್ಕಿಗೆ ಬರುವ ಪರಸ್ಥಳದವರು ಗುಡ್ಡದ ಶಾಸನ ನೋಡಿ, ಫೋಟೊ ತೆಗೆದು, ಚಹಾ ಕುಡಿದು ಹೊರಡುತ್ತಾರೆ. ಗುಡ್ಡದ ಬುಡದಲ್ಲಿ ಇನ್ನೊಬ್ಬರು ಬರೆಯುತ್ತ ಕುಳಿತಿದ್ದಾರೆಂದು ಅವರಿಗೆ ಹೇಳುವವರು ಯಾರು?

ಮಧ್ಯಾಹ್ನ ಊಟವಾದ ಮೇಲೆ ಅರ್ಜುಮಂದ್ ಕೈಕಾಲು ತೊಳೆದು ಒಂದು ತಗಡಿನ ಡಬ್ಬಿ ಇಳಿಸುತ್ತಾರೆ. ಒಳಗೆ ತಂದೆ ಬಿಟ್ಟುಹೋದ ಅರವತ್ಮೂರು ಹಳೆಯ ನಾಣ್ಯಗಳು. ಹೆಚ್ಚಿನವು ನಿಜಾಮರ ಕಾಲದವು: ಚಾರ್‌ಮಿನಾರ್ ಚಿತ್ರದ ಬೆಳ್ಳಿಯವು ನಾಲ್ಕು, ಚೌಕದ ಆಣೆಗಳು, ನಡುವೆ ತೂತಿರುವ ತಾಮ್ರದ ಕಾಸು ಒಂಬತ್ತು. ಪಕ್ಕದಲ್ಲಿ ಉದ್ದನೆಯ ಲೆಕ್ಕದ ವಹಿ. ನಾಲ್ಕನೇ ಇಯತ್ತೆಯವರೆಗೆ ಕಲಿತ ಉರ್ದುವಿನಿಂದ ನಾಣ್ಯದ ಮೇಲಿನ ಹಿಜರಿ ವರ್ಷ ಓದುತ್ತಾರೆ, ಗುಂಡಗಿನ ಕನ್ನಡದಲ್ಲಿ ಬರೆಯುತ್ತಾರೆ. ಅಂಚು ಸವೆದಿದೆಯೇ, ಯಾವ ಅಕ್ಷರ ಮಸುಕಾಗಿದೆ, ಎಲ್ಲಿ ಸುತ್ತಿಗೆ ಪೆಟ್ಟು ಬಿದ್ದಿದೆ, ಒಂದೂ ಬಿಡುವುದಿಲ್ಲ. ಕೊನೆಯ ಕಾಲಂ ಮಾತ್ರ ಅವರ ಜೀವ ಹಿಂಡುತ್ತದೆ. ಅದರ ತಲೆಬರಹ, ‘ಯಾರ ಮನೆಯದು’.

ಈ ಕಡೆ ಒಂದು ರೂಢಿ ಇತ್ತು. ಪಾತ್ರೆಯನ್ನು ಬರಿದಾಗಿ ಮನೆ ಹೊರಗೆ ಕೊಡಬಾರದು. ಮಜ್ಜಿಗೆ ಇಸಿದುಕೊಂಡ ತಂಬಿಗೆಯನ್ನೂ ನಾಲ್ಕು ಕಾಳು ಜೋಳ ಹಾಕಿಯೇ ತಿರುಗಿ ಕೊಡುವ ಮಂದಿ. ಇಮಾಮ್‌ಸಾಬ್ ಗೊರೇಬಾಳದಿಂದ ಗುರುಗುಂಟಾದವರೆಗೆ ಭಟ್ಟಿ ಹೊತ್ತು ತಿರುಗುವಾಗ, ಹೆಂಗಸರು ಕಲಾಯಿಗೆ ಕೊಡುವ ಹಂಡೆಯ ತಳದಲ್ಲಿ ಹಳೆಯ ಸೀರೆಯ ಚೂರಿಗೆ ಒಂದು ನಾಣ್ಯ ಗಂಟು ಹಾಕಿ ಇಡುತ್ತಿದ್ದರು. ಚಲಾವಣೆಯಲ್ಲಿ ಇಲ್ಲದ ನಾಣ್ಯ, ಸಂತೆಯಲ್ಲಿ ಯಾರೂ ಮುಟ್ಟರು. ಇಮಾಮ್‌ಸಾಬ್ ಆ ಗಂಟುಗಳನ್ನು ಒಂದನ್ನೂ ಬಿಚ್ಚಲಿಲ್ಲ. ಓದು ಬರಹ ಬಾರದ ಆ ಮನುಷ್ಯ ಬಟ್ಟೆಯ ಬಣ್ಣ ನೋಡಿ ಊರು ಹೇಳುತ್ತಿದ್ದರು, ಮನೆ ಹೇಳುತ್ತಿದ್ದರು, ಆ ಮನೆಯ ಸೊಸೆಯ ತವರು ಕೂಡ ಹೇಳುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಇಮಾಮ್‌ಸಾಬ್ ತೀರಿಕೊಂಡರು. ನಲವತ್ತನೆಯ ದಿನಕ್ಕೆ ಬೀಗರು ನೆಂಟರು ಬರುವವರಿದ್ದರು. ತಂದೆಯ ಗಂಟುಗಳನ್ನು ಎಲ್ಲರೂ ನೋಡಲಿ ಎಂದು ಮಗಳಿಗೆ ಆಸೆ. ಕಲಾಯಿಯವರ ಮನೆಯಲ್ಲಿ ಹುಟ್ಟಿದವರಿಗೆ ಕಪ್ಪಾದ ತಾಮ್ರ ಕಂಡರೆ ಕೈ ಸುಮ್ಮನೆ ಕೂರುತ್ತದೆಯೇ! ಅರವತ್ಮೂರೂ ಗಂಟು ಬಿಚ್ಚಿದರು. ಬಟ್ಟೆಗಳನ್ನು ಒಂದು ಕಡೆ ಗುಡ್ಡೆ ಹಾಕಿ, ನಾಣ್ಯಗಳನ್ನು ಹುಣಸೆ ರಸದಲ್ಲಿ ಕುದಿಸಿ, ಬೂದಿ ಹಚ್ಚಿ ತಿಕ್ಕಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ನಾವು ಗಾದೆ ಹೇಳುತ್ತೇವೆ. ಇಲ್ಲಿ ಹುಣಸೆಹಣ್ಣೇ ಎಲ್ಲವನ್ನೂ ತೊಳೆದುಬಿಟ್ಟಿತು.

“ಪರಾತದಾಗ ಹಾಕಿ ಅಮ್ಮಿ ಮುಂದ ಒಯ್ದೆ. ಹೊಗಳತಾಳ ಅಂತ ನಿಂತಿದ್ದೆ. ಅಮ್ಮಿ ಅದನ್ನ ನೋಡ್ಲಿಲ್ರಿ, ಬಟ್ಟಿ ಗುಡ್ಡಿ ನೋಡಿದ್ಲು. ‘ನಿಮ್ಮ ಅಬ್ಬಾನ ವಹಿ ತೊಳದಿಟ್ಯಲ್ಲ ಬೇಟಿ’ ಅಂದ್ಲು. ಬೈದಿದ್ರ ಚೊಲೋ ಇತ್ತು.” ತಾಯಿ ಖಾತೂನ್‌ಬೀ ಈಗಿಲ್ಲ.

ಲಿಂಗಸುಗೂರಿನಲ್ಲಿ ಹಳೆಯ ನಾಣ್ಯ ಕೊಳ್ಳುವ ಒಬ್ಬರು ನೋಡಿ, ತಿಕ್ಕಿದ ನಾಣ್ಯಕ್ಕೆ ಬೆಲೆ ಇಲ್ಲ ಎಂದರಂತೆ. ಮಾರಲಿಕ್ಕೆ ಹೋದವರು ಯಾರು? ಅರ್ಜುಮಂದ್ ಹೋದದ್ದು ಮಸುಕಾದ ಅಕ್ಷರ ಓದಿಸಲಿಕ್ಕೆ.

ಅಂದಿನಿಂದ ಪ್ರತಿ ಶುಕ್ರವಾರ ಭಟ್ಟಿ ಹೊತ್ತುವುದಿಲ್ಲ. ಬಟ್ಟೆಯ ಚೂರುಗಳನ್ನೂ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಅರ್ಜುಮಂದ್ ಬಸ್ ಹತ್ತುತ್ತಾರೆ. ತಂದೆ ನಡೆದ ಊರುಗಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತ ಮುದುಕಿಯರ ಮುಂದೆ ಚೂರು ಹರವಿ, “ಯಮ್ಮಾ, ಈ ಸೀರಿ ಯಾರದಿತ್ರಿ?” ಎಂದು ಕೇಳುತ್ತಾರೆ. ತಾಮ್ರ ವರ್ಷಾನುಗಟ್ಟಲೆ ಕೂತ ಬಟ್ಟೆಯಲ್ಲಿ ಹಸಿರು ಕಲೆ ಉಳಿದಿರುತ್ತದೆ. ಚೌಕದ ಆಣೆಗೆ ಚೌಕದ ಕಲೆ, ತೂತಿನ ಕಾಸಿಗೆ ಬಳೆಯಂಥ ಕಲೆ. ಸೀರೆಯಿಂದ ಮನೆ, ಕಲೆಯಿಂದ ನಾಣ್ಯ. ಹೀಗೆ ಒಂಬತ್ತು ವರ್ಷದಲ್ಲಿ ನಲವತ್ತೊಂದು ಕೂಡಿವೆ, ಇಪ್ಪತ್ತೆರಡು ಬಾಕಿ. ಸೀರೆ ಗುರುತಿಸುವ ಕಣ್ಣುಗಳು ವರ್ಷಕ್ಕಿಷ್ಟು ಮುಚ್ಚುತ್ತಿವೆ. ಹೋದ ಶುಕ್ರವಾರ ಗೊರೇಬಾಳಕ್ಕೆ ಹೋದರೆ ಕೇಳಬೇಕಾದವರದೇ ತಿಥಿಯ ಊಟ ನಡೆದಿತ್ತು. ಉಂಡು ಬಂದರು.

ಈ ಶುಕ್ರವಾರ ಗುರುಗುಂಟಾ. ಎಂಬತ್ತು ದಾಟಿದ ಆದೆಮ್ಮ ಹೊಸ್ತಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಾರೆ. ಕೆಂಪು ಅಂಚಿನ, ಕರಿಯ ಮೈಯ ಇಳಕಲ್ ಚೂರನ್ನು ಕಣ್ಣಿನ ಹತ್ತಿರ ಹಿಡಿದು ಒಂದೇ ಏಟಿಗೆ ಹೇಳುತ್ತಾರೆ. “ನಂದಽ ಇದು! ಮೊದಲನೇ ಬಾಣಂತನಕ್ಕ ನಮ್ಮವ್ವ ಉಡಿಸಿದ್ದು. ನೀ ಕಲಾಯಿ ಇಮಾಮ್‌ಸಾಬನ ಮಗಳೇನ? ಬಾ ಯವ್ವಾ, ಕುಂದ್ರು. ನಿಮ್ಮಪ್ಪ ಕಲಾಯಿ ಮಾಡಿದ ಹಂಡೇದಾಗ ಮಾರಿ ನೋಡ್ಕೊಂಡು ನಾನು ಕುಂಕುಮ ಹಚ್ಕೊಂತಿದ್ದೆ.”

ಅರ್ಜುಮಂದ್ ಡಬ್ಬಿ ತೆರೆಯುತ್ತಾರೆ. ಆದೆಮ್ಮ ಬೆರಳಾಡಿಸಿ, ತಡಮಾಡದೆ ಚಾರ್‌ಮಿನಾರಿನ ಬೆಳ್ಳಿ ನಾಣ್ಯ ಎತ್ತುತ್ತಾರೆ. “ಇದಽ ನಮ್ಮದು. ನಮ್ಮ ಮನ್ಯಾಗ ಬೆಳ್ಳೀದಽ ಕೊಡೋ ಪದ್ಧತಿ.”

ಬಟ್ಟೆಯ ಮೇಲಿನ ಕಲೆ ಬಳೆಯಂತೆ ಹಸಿರಾಗಿದೆ. ಅಂದರೆ ತೂತಿನ ಕಾಸು. ಬೆಳ್ಳಿಯವು ಇರುವುದು ನಾಲ್ಕು, ಇಲ್ಲಿಯವರೆಗೆ ತಮ್ಮದೆಂದವರು ಹನ್ನೊಂದು ಮನೆಯವರು. ತಾಮ್ರ ಯಾರ ಮನೆಯಿಂದಲೂ ಬಂದೇ ಇಲ್ಲ, ಪಾಪ! ಅರ್ಜುಮಂದ್ ಎದುರಾಡುವುದಿಲ್ಲ. “ಬರ್ಕೊಂಡ್ಯಾ?” ಎಂದು ಆದೆಮ್ಮ ಕೇಳಿದಾಗ, “ಬರಕೊಂಡೆ ಯಮ್ಮಾ” ಎನ್ನುತ್ತಾರೆ. ವಹಿಯಲ್ಲಿ ಬರೆದದ್ದು ಹೀಗಿದೆ: ‘ಗುರುಗುಂಟಾ, ಆದೆಮ್ಮನವರ ಮನೆ. ಬಟ್ಟೆ ಖಾತ್ರಿ. ನಾಣ್ಯ ತೂತಿನದು, ಒಂಬತ್ತರಲ್ಲಿ ಯಾವುದೆಂದು ಗೊತ್ತಿಲ್ಲ. ಆದೆಮ್ಮನವರು ಬೆಳ್ಳಿಯದು ಎನ್ನುತ್ತಾರೆ.’

ಯಾವುದೋ ಒಂದು ತೂತಿನ ಕಾಸನ್ನು ಅವರ ಹೆಸರಿಗೆ ಹಚ್ಚಿಬಿಟ್ಟರೆ ಲೆಕ್ಕ ನಲವತ್ತೆರಡಾಗುತ್ತಿತ್ತಲ್ಲ? “ಖರೇ ಗೊತ್ತಿಲ್ಲದ್ದು ಹೆಂಗ ಹಚ್ಚಲಿ? ಸುಳ್ಳ ಬರದ್ರ ಇನ್ನೊಮ್ಮೆ ತೊಳದಂಗ ಆಗ್ತೈತ್ರಿ” ಎನ್ನುತ್ತಾರೆ.

ಹೊರಡುವಾಗ ಆದೆಮ್ಮ ಅವರ ಉಡಿಗೆ ಶೇಂಗಾ ಸುರಿದು, ತಮ್ಮಷ್ಟಕ್ಕೆ ಎಂಬಂತೆ ಒಂದು ಮಾತು ಹೇಳುತ್ತಾರೆ. “ನಿಮ್ಮಪ್ಪ ಹೇಳತಿದ್ದ ನೋಡು. ನನ್ನ ಮಗಳು ಸಾಲಿ ಕಲತಾಳ, ಇವನ್ನೆಲ್ಲಾ ಆಕಿ ಕೈಲೆ ಬರಸಾಂವ ಅದೀನಿ ಅಂತಿದ್ದ. ಬರಸಿದ ಬಿಡು ಕಡೀಕ.”

ಅರ್ಜುಮಂದ್ ಬಸ್ ನಿಲ್ದಾಣಕ್ಕೆ ಬರುತ್ತಾರೆ. ಲಿಂಗಸುಗೂರಿನ ಬಸ್ಸಿಗೆ ಇನ್ನೂ ಹೊತ್ತಿದೆ. ಬೆಂಚಿನ ಮೇಲೆ ಕುಳಿತು, ಚೀಲವನ್ನು ಮಡಿಲಿಗೆ ಎಳೆದುಕೊಂಡು, ಯಾರೂ ಕೇಳದೆಯೇ ಹೇಳತೊಡಗುತ್ತಾರೆ.

“ಬರಸಾಕ ಕರೀತಿದ್ರು ರೀ, ಖರೇನ. ಸಂಜಿಮುಂದ ಗಂಟು ಹರವಿಕೊಂಡು ಕುಂತು ‘ಬೇಟಿ, ವಹಿ ತಗೊಂಡು ಬಾ, ಹೇಳ್ತೀನಿ ಬರ್ಕೋ’ ಅಂತಿದ್ರು. ನಾ ಒಲಿ ಮುಂದ ಇರ್ತಿದ್ದೆ. ‘ರೊಟ್ಟಿ ಹೊತ್ತತಾವ ಅಬ್ಬಾ, ನಾಳಿಗಿ’ ಅಂತಿದ್ದೆ. ಎಷ್ಟು ವರ್ಸ ಹಂಗಽ ಅಂದೀನೋ ಏನೋ.”

ಬಸ್ ಬರುತ್ತದೆ. ಅವರು ಏಳುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ.

“ಇಪ್ಪತ್ತೆರಡು ತಿಳೀದಿದ್ರೂ ತಡಕೊಂತೀನ್ರಿ. ಒಂದಽ ಒಂದ್ ಸಲ ಅಬ್ಬಾ ಹಂಗ ಕರದ್ರ ಸಾಕಿತ್ತು. ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಕರಕಾಗ್ಲಿ, ಎದ್ದು ಬರ್ತಿದ್ದೆ.”